ಗಂಗವ್ವನ ಪಾಲು

ಪ್ರವಾಸ ನೆರವು ಮಂಜೂರಾಗಿದೆ ಎಂಬ ಇ-ಮೇಲ್ ಬಂದಾಗ ಸುಶ್ಮಿತಾ ವಾಡಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಚಿತ್ತಾಪುರದ ಪ್ಯಾಸೆಂಜರ್ ಗಾಡಿಗೆ ಕಾಯುತ್ತಿದ್ದಳು. ಎರಡು ಸಲ ಓದಿದಳು. ಮೂರನೆಯ ಸಲ ಓದಿ, ಯಾರಿಗಾದರೂ ಹೇಳಬೇಕೆಂದು ತಲೆ ಎತ್ತಿದರೆ ಪಕ್ಕದಲ್ಲಿದ್ದದ್ದು ಶೇಂಗಾ ಸುಲಿಯುತ್ತಿದ್ದ ಒಬ್ಬ ಅಜ್ಜ. ಆ ಅಜ್ಜನಿಗೆ ಪರಿಸರ ವಿಜ್ಞಾನದ ಸಮ್ಮೇಳನವನ್ನು ಎಲ್ಲಿಂದ ಶುರು ಮಾಡಿ ಹೇಳುವುದು? ಅವ್ವನಿಗೆ ಫೋನ್ ಹಚ್ಚಿದಳು.

“ಅವ್ವಾ, ಗುವಾಹಟಿಗೆ ಹೋಗ್ಲಿಕ್ಕೆ ನನ್ನ ಆರಿಸ್ಯಾರ. ವಿಮಾನದ್ದು, ಇರೋದು ಎಲ್ಲಾ ಅವರೇ ನೋಡ್ಕೊಳ್ತಾರ.”

“ತಿರುಗಿ ಯಾವಾಗ ಬರ್ತಿ?” ಎಂದಳು ಹೀರಾಬಾಯಿ. ಎಲ್ಲಿಗೆ, ಯಾಕೆ ಎಂಬುದು ಅವಳಿಗೆ ಆಮೇಲಿನ ಮಾತು.

ಸುಶ್ಮಿತಾಳಿಗೆ ಇಪ್ಪತ್ತೇಳು ವರ್ಷ. ಕಲಬುರಗಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳ ವಿಷಯ ಕಾಗಿಣಾ ಹೊಳೆಯ ನಡುಗಡ್ಡೆಗಳಲ್ಲಿ ಗೂಡು ಮಾಡುವ ನದಿ ರೀವ ಎಂಬ ಹಕ್ಕಿ. ಕರಿ ಟೊಪ್ಪಿಗೆ, ಹಳದಿ ಕೊಕ್ಕು, ಸೀಳು ಬಾಲ; ಮರಳಿನಲ್ಲಿ ಒಂದು ಗುಣಿ ತೋಡಿ ತತ್ತಿ ಇಡುತ್ತದೆ, ಅದೇ ಅದರ ಮನೆ. ನೆಂಟರು ಮದುವೆಯಲ್ಲಿ ಸಿಕ್ಕಾಗ, “ಏನವ್ವಾ, ಹಕ್ಕಿ ಎಣಿಸೋದು ಮುಗೀತೇನು?” ಎಂದು ಕೇಳಿ ನಗುತ್ತಿದ್ದರು. ವಿಭಾಗದಲ್ಲಿ ಉಳಿದವರೆಲ್ಲ ಲ್ಯಾಬಿನಲ್ಲಿ ನೀರು, ಮಣ್ಣು ಪರೀಕ್ಷೆ ಮಾಡುವವರು. ಬಿಸಿಲಲ್ಲಿ ಕರ್ರಗಾಗಿ ಬಂದ ಇವಳನ್ನು ನೋಡಿ ಅಯ್ಯೋ ಪಾಪ ಎನ್ನುತ್ತಿದ್ದರು. ಪಾಪ ಎನ್ನುವವರು ಸಿಗುತ್ತಾರೆ, ಕೇಳುವವರು ಸಿಗುವುದಿಲ್ಲ. ಕಂಡದ್ದನ್ನು ಹೇಳಲು ಒಬ್ಬರೂ ಇಲ್ಲದೆ ಅವಳು ಮೂರು ವರ್ಷ ಕಳೆದಿದ್ದಳು.

ಸಮ್ಮೇಳನದ ಕಾರ್ಯಕ್ರಮಪಟ್ಟಿ ಇ-ಮೇಲಿನ ಜೊತೆಗೇ ಬಂದಿತ್ತು. ಎರಡನೆಯ ದಿನ ಮಧ್ಯಾಹ್ನ, ಹೊಳೆಯ ಹಕ್ಕಿಗಳ ಗೋಷ್ಠಿ. ಅವಳನ್ನು ಬಿಟ್ಟು ಇನ್ನೂ ನಾಲ್ಕು ಮಂದಿ. ರೀವ ಎಂದರೆ ಏನು ಎಂದು ಕೇಳದ ನಾಲ್ಕು ಮಂದಿ! ಅವರ ಹೆಸರುಗಳನ್ನು ಗಾಡಿಯಲ್ಲಿ ಚಿತ್ತಾಪುರದವರೆಗೂ ಓದಿದಳು. ನಿಜ ಹೇಳಬೇಕೆಂದರೆ ಅವಳಿಗೆ ವಿಮಾನದ ಆಸೆ ಇರಲಿಲ್ಲ, ಬ್ರಹ್ಮಪುತ್ರ ನೋಡುವ ಆಸೆಯೂ ಅಷ್ಟಕ್ಕಷ್ಟೆ. ಆ ನಾಲ್ಕು ಮಂದಿಯ ಜೊತೆ ಒಂದು ಹೊತ್ತು ಊಟಕ್ಕೆ ಕೂರಬೇಕು ಎಂಬುದೇ ದೊಡ್ಡ ಆಸೆಯಾಗಿತ್ತು.

ಚಿತ್ತಾಪುರದಿಂದ ಟಂಟಂ ಆಟೋ ಹಿಡಿದು ದಂಡೋತಿಗೆ ಬಂದಳು. ದಂಡೋತಿ ಅವಳ ಅವ್ವನ ತವರು. ಸೋದರಮಾವ ದೇವೀಂದ್ರಪ್ಪ ಅಲ್ಲಿ ಎರಡೆಕರೆ ತೊಗರಿ ಹೊಲದ ಜೊತೆಗೆ ಹೊಳೆಯಲ್ಲಿ ಬಲೆ ಬೀಸುವುದನ್ನೂ ಬಿಟ್ಟಿರಲಿಲ್ಲ. ಅವನ ತೆಪ್ಪವಿಲ್ಲದೆ ಅವಳ ಸಂಶೋಧನೆಯೇ ಇರುತ್ತಿರಲಿಲ್ಲ. ಗಡ್ಡೆಯ ಮೇಲೆ ಹೆಚ್ಚು ಮಂದಿ ಕಾಲಿಟ್ಟರೆ ಹಕ್ಕಿಗಳು ಗೂಡು ಬಿಡುತ್ತವೆ, ಆದ್ದರಿಂದ ಒಬ್ಬರೇ ಹೋಗಬೇಕು ಎಂದು ಗೈಡ್ ಅಶೋಕಕುಮಾರ ಸರ್ ಮೊದಲ ದಿನವೇ ಹೇಳಿದ್ದರು. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಸುಶ್ಮಿತಾಳಿಗೆ ಈಜು ಬಾರದು. ಹಾಗಾಗಿ ಮಾಮ ಗಡ್ಡೆಗೆ ಹೋಗುವುದು, ಅವಳು ದಡದಲ್ಲಿ ದುರ್ಬೀನು ಹಿಡಿದು ಗೂಡಿನ ಜಾಗ ಗುರುತು ಹಾಕುವುದು. ಮಾಮ ಒಂದೊಂದೇ ಗೂಡಿನ ಮುಂದೆ ಬಗ್ಗಿ, ತಲೆಯ ಮೇಲೆ ಎರಗುವ ಹಕ್ಕಿಗಳಿಗೆ ಟವೆಲ್ ಬೀಸುತ್ತ, ನೀರಿನಾಚೆಯಿಂದ “ಎರಡು!” ಎಂದು ಕೂಗುತ್ತಿದ್ದ. ಅವಳು ಬರೆದುಕೊಳ್ಳುತ್ತಿದ್ದಳು. “ಒಂದು!” ಬರೆದುಕೊಳ್ಳುತ್ತಿದ್ದಳು. “ಇದರಾಗ ಏನಿಲ್ಲ!” ಖಾಲಿ ಎಂದು ಬರೆದುಕೊಳ್ಳುತ್ತಿದ್ದಳು.

ಎರಡು ಬೇಸಿಗೆಯಲ್ಲಿ ನೂರ ನಲವತ್ತಮೂರು ಗೂಡುಗಳು. ಬೇರೆ ಹೊಳೆಗಳಲ್ಲಿ ಈ ಹಕ್ಕಿ ಗೂಡಿಗೆ ಮೂರರ ಸುಮಾರು ತತ್ತಿ ಇಡುತ್ತದೆ. ಕಾಗಿಣಾದಲ್ಲಿ ಎರಡೂ ತುಂಬುತ್ತಿರಲಿಲ್ಲ. ಹೊಳೆಯಲ್ಲಿ ಮೀನು ಕಡಿಮೆಯಾಗಿ ಹಕ್ಕಿ ಸೊರಗಿರಬಹುದು ಎಂದು ಅವಳು ಬರೆದಿದ್ದಳು. ನೆರವು ಕೊಡುವ ಸಮಿತಿಯವರು ಮೆಚ್ಚಿದ್ದೂ ಇದನ್ನೇ. ಇಷ್ಟು ಸ್ಪಷ್ಟ ವ್ಯತ್ಯಾಸ ಅಪರೂಪ, ಇದನ್ನು ಎಲ್ಲರೂ ಕೇಳಬೇಕು ಎಂದು ಪತ್ರದಲ್ಲಿತ್ತು.

ಸುದ್ದಿ ಕೇಳಿದ ದೇವೀಂದ್ರಪ್ಪ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ ಎನ್ನಬೇಕು. ಹೋಟೆಲಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್ಸಿಗೆ ಕಾಯುವವರ ಹತ್ತಿರ ಒಂದೇ ಮಾತು.

“ನಮ್ಮ ಸುಶ್ಮಿತಾ ವಿಮಾನ ಹತ್ತಾಕತ್ತಾಳ. ತತ್ತಿ ಎಣಿಸಿದಾವ ಮಾತ್ರ ನಾನು ನೋಡ್ರಿ. ಒಂದೂ ತಪ್ಪಿಲ್ಲ.”

ಏಪ್ರಿಲ್ ಕೊನೆಯ ವಾರ. ಸುಶ್ಮಿತಾ ಬೆಳಿಗ್ಗೆಯೇ ಹೊಳೆಗೆ ಬಂದಾಗ ಮಾಮ ಬಲೆಯಿಂದ ಮೀನು ಬಿಡಿಸುತ್ತಿದ್ದ. ಶಹಾಬಾದಿನಿಂದ ಮೀನು ಒಯ್ಯಲು ಬರುವ ತಾಜುನ್ನಿಸಾ ಬುಟ್ಟಿ ಹಿಡಿದು ಕೂತಿದ್ದಳು. ಮಾಮ ಒಂದು ಮೀನನ್ನು ಬಾಯಿ ಬಿಡದೆ ಬುಟ್ಟಿಗೆ ಹಾಕಿದ. ಆಮೇಲೆ ಶುರು ಮಾಡಿದ: “ಒಂದು... ಎರಡು... ಮೂರು...” ಹನ್ನೆರಡಕ್ಕೆ ನಿಲ್ಲಿಸಿದ. ಬುಟ್ಟಿಯಲ್ಲಿ ಹದಿಮೂರು ಮೀನು. ತಾಜುನ್ನಿಸಾ ಹನ್ನೆರಡರ ದುಡ್ಡು ಕೊಟ್ಟು ಬುಟ್ಟಿ ಎತ್ತಿಕೊಂಡು ಹೋದಳು.

“ಮಾಮಾ, ಮೊದಲಿಂದು ಎಣಿಸಲೇ ಇಲ್ಲಲ್ಲ ನೀ?”

“ಮೊದಲಿಂದು ಹೊಳಿ ತಾಯಿ ಗಂಗವ್ವಂದು. ಅದನ್ನ ಎಣಿಸ್ತಾರೇನು? ನಮ್ಮಪ್ಪನೂ ಎಣಿಸ್ತಿದ್ದಿಲ್ಲ, ಅವರಪ್ಪನೂ ಎಣಿಸ್ತಿದ್ದಿಲ್ಲ. ಹೊಳ್ಯಾಗಿನ ಬದುಕು ಯಾವುದೇ ಇರಲಿ, ಮೊದಲಿಂದರ ಮ್ಯಾಲ ಲೆಕ್ಕ ಇಡಬಾರದು.”

ಸುಶ್ಮಿತಾಳಿಗೆ ಕೇಳುವುದೇ ಬೇಡ ಎನಿಸಿತು. ಆದರೂ ಕೇಳಿದಳು.

“ತತ್ತಿನೂ ಹಂಗೇ ಎಣಿಸೀಯೇನು?”

“ಮತ್ತ ಹೆಂಗ ಎಣಿಸ್ತಾರ?” ಎಂದ ದೇವೀಂದ್ರಪ್ಪ, ಬಲೆ ಝಾಡಿಸುತ್ತ. “ತತ್ತಿ ಅಂದ್ರ ಜೀವ. ಅದಕ್ಕಂತೂ ಭಾಳ ನೇಮ.”

ಅವತ್ತು ಅವಳು ತೆಪ್ಪದ ನಡುವೆ ಮುದುಡಿ ಕೂತು, ಎರಡೂ ಕೈಯಿಂದ ಅಂಚು ಹಿಡಿದು, ಮೊದಲ ಸಲ ಗಡ್ಡೆಗೆ ಹೋದಳು. ಮಾಮನನ್ನು ತೆಪ್ಪದಲ್ಲೇ ಇರಲು ಹೇಳಿ ತಾನೊಬ್ಬಳೇ ಇಳಿದಳು. ಮರಳು ಕಾದಿತ್ತು. ಹಕ್ಕಿಗಳು ಕಿರುಚುತ್ತ ತಲೆಗೆ ಎರಗಿದವು. ಹನ್ನೊಂದು ಗೂಡು ಉಳಿದಿದ್ದವು. ಮೊದಲನೆಯದರಲ್ಲಿ ಮೂರು ತತ್ತಿ, ಬೂದಿ ಬಣ್ಣದ ಮೇಲೆ ಕಂದು ಚುಕ್ಕೆ. ಎರಡನೆಯದರಲ್ಲಿ ಮೂರು. ಹೋದ ವಾರ ಖಾಲಿ ಎಂದು ಬರೆದುಕೊಂಡಿದ್ದ ಗೂಡಿನಲ್ಲಿ ಒಂದು. ಹನ್ನೊಂದನ್ನೂ ನೋಡಿ, ಪುಸ್ತಕ ತೆಗೆದು ಹೋದ ವಾರದ ಅಂಕಿಗಳ ಪಕ್ಕ ಇವತ್ತಿನವನ್ನು ಬರೆದಳು. ಎಲ್ಲದರಲ್ಲೂ ಒಂದು ಹೆಚ್ಚು.

ಕಾಗಿಣಾದ ಹಕ್ಕಿಗಳಿಗೆ ಏನೂ ಆಗಿರಲಿಲ್ಲ. ಎಲ್ಲ ಹೊಳೆಯ ಹಕ್ಕಿಗಳ ಹಾಗೆಯೇ ಅವು ಸುಖವಾಗಿದ್ದವು. ಮೂರು ವರ್ಷ ಅವುಗಳ ಮೇಲೆ ಜೀವ ಇಟ್ಟವಳು ಇದನ್ನು ಕಂಡು ಸಂತೋಷಪಡಬೇಕಿತ್ತು. ಸಂತೋಷ ಬರಲಿಲ್ಲ. ಆ ಮರಳಿನ ಮೇಲೆ, ಕಿರುಚುವ ಹಕ್ಕಿಗಳ ಕೆಳಗೆ, ಗುವಾಹಟಿಯ ಊಟದ ಮೇಜೊಂದೇ ಅವಳ ಕಣ್ಣ ಮುಂದೆ ಬಂತು. ತನ್ನ ಮೇಲೆ ತನಗೇ ನಾಚಿಕೆಯಾಯಿತು.

“ನನ್ನ ಕಣ್ಣ ಮ್ಯಾಲ ಭರವಸಿ ಹೋಯ್ತೇನು?” ಎಂದ ಮಾಮ, ಅವಳು ತಿರುಗಿ ತೆಪ್ಪ ಹತ್ತುವಾಗ.

“ಇಲ್ಲ ಮಾಮಾ. ಒಂದ್ಸಲ ನಾನೂ ನೋಡಬೇಕಂತ ಕಾಯ್ದೆ ಅದ.”

ಮರುದಿನ ಕಲಬುರಗಿಗೆ ಹೋಗಿ ಗೈಡಿಗೆ ಎಲ್ಲ ಹೇಳಿದಳು. ಅಶೋಕಕುಮಾರ ಸರ್ ಕೆಟ್ಟವರಲ್ಲ. ಅವಳ ಅರ್ಜಿಗೆ ಶಿಫಾರಸು ಬರೆದದ್ದೂ ಅವರೇ, ನೆರವು ಸಿಕ್ಕಾಗ ವಿಭಾಗಕ್ಕೆಲ್ಲ ಪೇಢೆ ಹಂಚಿದ್ದೂ ಅವರೇ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ನೋಡವ್ವಾ, ಟಿಕೆಟ್ ಆಗ್ಯದ. ಅಲ್ಲಿಂದ ದಂಡೋತಿಗೆ ಬಂದು ಯಾರು ಗೂಡು ನೋಡ್ತಾರ? ಈಗ ಹೋಗಿ ಮಾತಾಡಿ ಬಾ. ಥೀಸಿಸ್‌ನಾಗ ತಿದ್ದಿದ್ರಾಯ್ತು.”

“ತಿದ್ದಿದ ಅಂಕಿನೇ ಹೇಳಲಿಕ್ಕೆ ಬರ್ತದೇನ್ರಿ ಸರ್ ಅಲ್ಲಿ?”

“ತಿದ್ದಿದ ಮ್ಯಾಲ ಹೇಳಾಕ ಏನು ಉಳಿತದ? ಎಲ್ಲಾ ಕಡೆ ಇದ್ದಂಗ ಇಲ್ಲೂ ಅದ ಅಂತ ಹೇಳಾಕ ಅಷ್ಟು ದೂರ ಯಾರು ಕರೀತಾರ? ವಿಚಾರ ಮಾಡು. ಹಿಂಥ ಮೌಕಾ ಮತ್ತ ಸಿಗೋದಿಲ್ಲ.”

ಅವಳು ವಿಚಾರ ಮಾಡಿದಳು. ಎರಡು ದಿನ ಗ್ರಂಥಾಲಯದ ಮೂಲೆಯಲ್ಲಿ ಕೂತು ಅದೊಂದನ್ನೇ ಮಾಡಿದಳು. ಸುಳ್ಳು ಹೇಳುವುದು ಇಷ್ಟು ಸುಲಭವಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಏನೂ ಮಾಡದೆ ಸುಮ್ಮನಿದ್ದರೆ ಸಾಕಿತ್ತು. ವಿಮಾನ ಹತ್ತಿ, ಹದಿನೈದು ನಿಮಿಷ ಮಾತಾಡಿ, ಚಪ್ಪಾಳೆ ಆದ ಮೇಲೆ ಆ ನಾಲ್ಕು ಮಂದಿ ಬಂದು, ನಿಮ್ಮ ಹೊಳೆಯ ಬಗ್ಗೆ ಹೇಳಿ ಎನ್ನುತ್ತಾರೆ. ಆಗ ಏನು ಹೇಳುವುದು? ಅವಳ ಕಲ್ಪನೆ ಪ್ರತಿ ಸಲವೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಇಡೀ ದೇಶದಲ್ಲಿ ತನ್ನ ಮಾತು ತಿಳಿಯುವ ನಾಲ್ಕು ಜನರ ಎದುರೂ ಒಳಗೊಂದು ಇಟ್ಟುಕೊಂಡೇ ಮಾತಾಡಬೇಕು. ಅದಕ್ಕಿಂತ ದಂಡೋತಿಯ ದಡದಲ್ಲಿ ಒಬ್ಬಳೇ ಇರುವುದು ಮೇಲು ಎನಿಸಿತು. ಮೇಲು ಎನಿಸಿದರೂ ಅಳು ಬಂತು, ಅದೂ ಸುಳ್ಳಲ್ಲ.

ಮೂರನೆಯ ದಿನ ಸಮಿತಿಗೆ ಬರೆದಳು. ಎಣಿಕೆಯಲ್ಲಿ ಪ್ರತಿ ಗೂಡಿಗೂ ಒಂದು ತತ್ತಿ ಬಿಟ್ಟುಹೋಗಿದೆ. ಸರಿಪಡಿಸಿದರೆ ನಾನು ಹೇಳಿದ್ದ ವ್ಯತ್ಯಾಸ ಉಳಿಯುವುದಿಲ್ಲ. ಆದ್ದರಿಂದ ಪ್ರಬಂಧವನ್ನೂ ನೆರವನ್ನೂ ಹಿಂದಕ್ಕೆ ಕೊಡುತ್ತಿದ್ದೇನೆ. ಯಾರು ಎಣಿಸಿದರು, ಯಾಕೆ ಬಿಟ್ಟರು ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು. ಗಂಗವ್ವನ ಹೆಸರು ಬರೆದರೆ ಓದಿದವರು ನಗುತ್ತಾರೆ. ನಕ್ಕರೆ ಅದು ಮಾಮನ ಮೇಲೆ. ಎಣಿಸುವ ಕ್ರಮವನ್ನು ನಾನು ಮೊದಲೇ ಪರೀಕ್ಷಿಸಬೇಕಿತ್ತು, ತಪ್ಪು ನನ್ನದು ಎಂದಷ್ಟೇ ಬರೆದು ಕಳಿಸಿಬಿಟ್ಟಳು.

ಉತ್ತರ ಮೂರು ಸಾಲಿನದು. ಪ್ರಾಮಾಣಿಕತೆಗೆ ಧನ್ಯವಾದ, ನಿಮ್ಮ ಜಾಗವನ್ನು ಪಟ್ಟಿಯಲ್ಲಿ ನಂತರವಿದ್ದ ವಿದ್ಯಾರ್ಥಿಗೆ ಕೊಡಲಾಗಿದೆ, ಮುಂದೆ ಬೇರೆ ವಿಷಯಕ್ಕೆ ಅರ್ಜಿ ಹಾಕಬಹುದು. ಅಶೋಕಕುಮಾರ ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಆಯ್ತು ಬಿಡವ್ವಾ” ಎಂದು ತಮ್ಮ ಕೆಲಸ ನೋಡಿಕೊಂಡರು. ಅವ್ವನಿಗೆ ಮಾತ್ರ ಒಳಗೊಳಗೆ ಸಮಾಧಾನವಾದಂತೆ ಕಂಡಿತು. ಮಗಳು ಎಲ್ಲೂ ಹೋಗುವುದಿಲ್ಲ ಎಂದಮೇಲೆ ಯಾವಾಗ ಬರುತ್ತಾಳೆ ಎಂಬ ಚಿಂತೆಯೂ ಇಲ್ಲ.

ಮಾಮನಿಗೆ ಹೇಳುವುದನ್ನು ಅವಳು ಮುಂದೂಡುತ್ತ ಬಂದಳು. ಗೋಷ್ಠಿಯ ದಿನವೂ ಬಂತು. ಮೇ ತಿಂಗಳ ಮಧ್ಯಾಹ್ನ, ಹೊಳೆ ಸಣ್ಣದಾಗಿತ್ತು, ಬಂಡೆಗಳು ಮೈ ಬಿಟ್ಟುಕೊಂಡಿದ್ದವು. ಗಡ್ಡೆಯ ಮೇಲೆ ತಡವಾಗಿ ತತ್ತಿ ಇಟ್ಟ ಎರಡೇ ಗೂಡು. ಅವಳು ದಡದಲ್ಲಿ ಕೂತು ಫೋನಿನಲ್ಲಿ ಗಂಟೆ ನೋಡಿದಳು. ಈಗ ಅಲ್ಲಿ ನಾಲ್ಕು ಮಂದಿ ಒಂದೇ ಕೋಣೆಯಲ್ಲಿ ಇದ್ದಾರೆ. ಅವಳ ಜಾಗದಲ್ಲಿ ಐದನೆಯವರು ಯಾರೋ.

ದೇವೀಂದ್ರಪ್ಪ ತೆಪ್ಪದ ತೂತು ಮುಚ್ಚುತ್ತ ಕೂತಿದ್ದವನು ತಲೆ ಎತ್ತದೆ ಕೇಳಿದ.

“ಇವತ್ತೇ ಅಲ್ಲೇನು ನಿನ್ನ ಮೀಟಿಂಗ? ನನಗ ತಾರೀಖು ನೆನಪದ.”

ಊರಿಗೆಲ್ಲ ಹೇಳಿಕೊಂಡು ಬಂದವನಿಗೆ ತಾರೀಖು ಮರೆಯುವುದುಂಟೇ?

“ಬ್ಯಾರೇದವರಿಗಿ ಕೊಟ್ಟಾರ ಮಾಮಾ.”

“ಯಾಕ?”

“ಅವರ ಕೆಲಸ ಚಲೋ ಇತ್ತು.”

ಮಾಮನ ಕೈ ನಿಂತಿತು. ನಾಳೆ ಹೋಟೆಲಿನಲ್ಲಿ ಅವನನ್ನು ಎಷ್ಟು ಕಾಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅವನು ಕೇಳಿದ್ದು ಮಾತ್ರ ಬೇರೆ.

“ಹಿಂಗ ಹೊರಗ ಕರದಿದ್ದು ನಿನಗ ಇದೇ ಮೊದಲನೇ ಸಲ ಅಲ್ಲೇನು?”

“ಹೂಂ.”

“ಮತ್ತ ಅದನ್ನ ಯಾಕ ಎಣಿಸ್ತಿ ಯವ್ವಾ? ಮೊದಲಿಂದು ಗಂಗವ್ವಂದು. ಅಕಿಗಿ ಬಿಟ್ಟುಬಿಡು. ಮುಂದ ಬರೋದು ನೋಡು, ಅದು ಒಂದು.”

ಸುಶ್ಮಿತಾ ಎದ್ದು ನೀರಿನ ಅಂಚಿಗೆ ಹೋಗಿ, ಬಗ್ಗಿ, ಮುಖಕ್ಕೆ ನೀರು ಹಾಕಿಕೊಂಡಳು. ಮತ್ತೆ ಹಾಕಿಕೊಂಡಳು. ಅವನಿಗೆ ನಿಜ ಹೇಳುವ ಹೊತ್ತು ಇತ್ತೆಂದರೆ ಅದೊಂದೇ. ಅದೇ ನೇಮ ಹೇಳಿ ಸಮಾಧಾನ ಮಾಡಿದವನಿಗೆ ಇನ್ನು ಅದನ್ನು ಎಂದೂ ಹೇಳಲು ಬರುವುದಿಲ್ಲ ಎಂಬುದು ಅವಳಿಗೆ ಅಲ್ಲೇ ತಿಳಿಯಿತು. ಹಿಂದೆ ತೆಪ್ಪ ನೀರಿಗೆ ಇಳಿದ ಸದ್ದಾಯಿತು. ಅವಳು ಮುಖ ಒರೆಸಿಕೊಂಡು ಹೋಗಿ ಹತ್ತಿ ಕೂತಳು. ಎರಡು ಗೂಡು ಎಣಿಸುವುದಿತ್ತು.