ಎದುರಾಳಿಗೆ ಬಿಟ್ಟ ಮಾತು

ನಮ್ಮ ಧರ್ಮಪ್ಪ ಭಾವ ತಾಳಮದ್ದಲೆಯಲ್ಲಿ ಕೃಷ್ಣನಾಗಿ ಕೂತರೆ, ಎದುರಿಗೆ ಕೌರವನಾಗಿ ಕೂರಲು ಕೋಣಂದೂರಿನ ಸುತ್ತ ಜನ ಹೆದರುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತಿನ ಆಟ. ಎದುರಿನವರ ಬಾಯಿಂದ ಬಿದ್ದ ಒಂದು ಪದ ಸಿಕ್ಕರೆ ಸಾಕು, ಅದರಲ್ಲೇ ಅವರನ್ನು ಕಟ್ಟಿಹಾಕುತ್ತಿದ್ದರು. ಹಾಗಾಗಿ ಗ್ರಾಮಸಭೆಯಲ್ಲಿ ಹಳ್ಳ ದಾಟುವ ಕಿರುಸೇತುವೆ, ನಮ್ಮ ಮಾತಿನ ಕಾಲುಸಂಕ, ಕೇಳಲು ಊರವರು ಅವರನ್ನೇ ಒಪ್ಪಿಸಿದರು. ಒಪ್ಪಿಸುವುದು ಕಷ್ಟವೇನೂ ಆಗಲಿಲ್ಲ ಬಿಡಿ, ಮೈಕು ಕಂಡರೆ ಭಾವನಿಗೆ ಹಸಿವೂ ಮರೆಯುತ್ತದೆ.

ಸಂಕ ಎಲ್ಲರಿಗಿಂತ ಹೆಚ್ಚು ಬೇಕಿದ್ದುದು ನನಗೆ. ಹೋದ ಮಳೆಗಾಲ ಹಳ್ಳಕ್ಕೆ ಅಡ್ಡ ಹಾಕಿದ ಮರದ ದಿಮ್ಮಿಯ ಮೇಲೆ ನನ್ನ ಮಗಳು ಸ್ವಪ್ನಾ ಜಾರಿದ್ದಳು. ಜಡೆ ಹಿಡಿದು ಎಳೆದುಕೊಂಡೆ. ಆಮೇಲೆ ನೀರಿಳಿಯುವ ತನಕ ಶಾಲೆಗೆ ಕಳಿಸಲು ಧೈರ್ಯ ಬರಲಿಲ್ಲ. ಈ ವರ್ಷವೂ ಮನೆಯಲ್ಲಿ ಕೂರಿಸಿದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಸಭೆಗೆ ಬಂದ ಹೊಸ ಇಂಜಿನಿಯರ್ ವಿನೋದ್ ಬಯಲುಸೀಮೆಯ ಹುಡುಗ. "ಈ ವರ್ಷ ಕಷ್ಟ ಇದೆ, ಮುಂದಿನ ವರ್ಷ ನೋಡೋಣ," ಎಂದರು.

ಭಾವ ಎದ್ದು ಶಾಲು ಸರಿಮಾಡಿಕೊಂಡರು.

"ನೋಡೋಣ ಅಂದ್ರಿ, ಸಂತೋಷ. ಕಣ್ಣಿಲ್ಲದ ಧೃತರಾಷ್ಟ್ರ ಕೂತಲ್ಲೇ ಯುದ್ಧ ಕೇಳ್ದ. ಕಣ್ಣಿರೋ ನೀವು ಕೂತಲ್ಲೇ ಹಳ್ಳ ದಾಟ್ತೀರಾ?"

ಸಭೆ ಬಿದ್ದು ಬಿದ್ದು ನಕ್ಕಿತು. ವಿನೋದ್ ಮುಖ ಕೆಂಪಾಯಿತು. "ಮುಂದಿನ ವಿಷಯ," ಎಂದು ತಲೆ ತಗ್ಗಿಸಿದರು.

ಭಾವ ಗೆದ್ದ ಠೀವಿಯಲ್ಲಿ ಬಂದು ಕೂತರು. ನನಗೆ ಮೈಯೆಲ್ಲ ಉರಿಯಿತು.

"ಗೆದ್ರಿ ಭಾವಾ. ಸಂಕ ಎಲ್ಲಿ?"

"ಎಂತ ಹೇಮಾವತಿ, ಅವ್ನಿಗೆ ಮಾತೇ ಹೊರಡ್ಲಿಲ್ಲ, ನೋಡಿದ್ಯಲ್ಲ ಮಾರಾಯ್ತಿ?"

"ಅವ್ರು ಮಾತಾಡಿದ್ರೆ ತಾನೇ ಸಂಕ ಆಗೋದು? ಆಟ ಮುಗಿದ್ಮೇಲೆ ನಿಮ್ಮ ಕೌರವ ಪಕ್ಕದಲ್ಲೇ ಕೂತು ಅವಲಕ್ಕಿ ತಿಂತಾನೆ. ಇವ್ರು ಜೀಪ್ ಹತ್ತಿ ಹೋಗ್ತಾರೆ."

ಹಿರಿಯರಿಗೆ ಹಾಗನ್ನಬಾರದಿತ್ತೇನೋ. ಭಾವನ ನಗು ಆರಿತು. ಎದುರಿನವನಿಗೂ ಮಾತಾಡಲು ಜಾಗ ಬಿಡದವನು ಅರ್ಥಧಾರಿಯೇ ಅಲ್ಲ ಎಂದು ತಾಳಮದ್ದಲೆಯ ಹೊಸ ಮಾತುಗಾರರಿಗೆ ಬೈಯುವವರು ಅವರೇ. ಭಾವ ಮತ್ತೆ ಎದ್ದರು. ಇನ್ನೊಂದು ಸುತ್ತಿನ ಆಸೆಗೆ ಜನ ಮುಂದಕ್ಕೆ ಬಾಗಿದರು.

"ಸಾರ್, ನನ್ ಮಾತು ಹೆಚ್ಚಾಯ್ತು, ತಪ್ಪಾಯ್ತು. ನಮ್ಮ ಹೇಮಾವತಿ ಮಗಳು ಮಳೆಗಾಲದಲ್ಲೂ ಶಾಲೆಗೆ ಹೋಗ್ಬೇಕು. ಅದಕ್ಕೆ ಎಂತ ಮಾಡ್ಬೇಕು ಅಂತ ನಮಗೆ ಗೊತ್ತಿಲ್ಲ. ನೀವು ಹೇಳಿ, ನಾವು ಕೇಳ್ತೀವಿ."

ಹಾಗೆಂದು ಕೂತೇಬಿಟ್ಟರು. "ಬಿಡ್ಬೇಡಿ ಧರ್ಮಪ್ಪಣ್ಣ!" ಎಂದು ಹಿಂದಿನಿಂದ ಯಾರೋ ಕೂಗಿದರು. ಭಾವ ತಿರುಗಲಿಲ್ಲ.

ವಿನೋದ್ ತಲೆಯೆತ್ತಿದರು. "ನೀರು ಎಲ್ಲೀವರೆಗೆ ಬರುತ್ತೆ?"

ಅದಕ್ಕೆ ಭಾವನ ಬಳಿ ಗಂಟೆಗಟ್ಟಲೆ ಮಾತಿತ್ತು. ಆದರೂ ನನ್ನ ಕಡೆ ನೋಡಿ, "ನೀನೇ ಹೇಳು," ಎಂದರು. ಸಭೆಯಲ್ಲಿ ನಾನು ಅದುವರೆಗೆ ಬಾಯಿ ತೆರೆದವಳಲ್ಲ. ನೀರು ಹೇಗೆ ಏರುತ್ತದೆ, ದಂಡೆ ಎಲ್ಲಿ ಕುಸಿಯುತ್ತದೆ, ಮಗು ಎಲ್ಲಿ ಜಾರಿತು, ಕಂಡದ್ದನ್ನು ಕಂಡಹಾಗೆ ಹೇಳಿದೆ. ಯಾರೂ ನಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ.

"ನಾಳೆ ಬರ್ತೀನಿ. ಅಳತೆ ತಗೊಂಡು ಈ ವರ್ಷದ ಕೆಲಸಕ್ಕೇ ಸೇರಿಸ್ತೀನಿ," ಎಂದರು ವಿನೋದ್. "ಜಾಗ ನೀವೇ ತೋರಿಸ್ಬೇಕು ಅಮ್ಮ."

ನಾನು ಭಾವನ ಕಡೆ ನೋಡಿದೆ. ಏನೋ ಒಂದು ಭರ್ಜರಿ ಮಾತು ಗಂಟಲಿಗೆ ಬಂದು ನಿಂತಿದ್ದು ಮುಖದಲ್ಲೇ ಕಾಣುತ್ತಿತ್ತು. ಅವರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರು.