ನಿಮ್ಮದು ಯಾವ ಮಠ

“ಅಂಚು ದಪ್ಪ ಆಯ್ತು ನೋಡು. ಇದನ್ನ ಅತಿಥಿಗಳಿಗೆ ಹಾಕೋದಾ? ಇದನ್ನ ನೀನೇ ತಿನ್ನು, ಇನ್ನೊಂದು ಬಡಿ,” ಎಂದು ದೇವಕಿ ಮೇಡಂ ನನ್ನ ಇಪ್ಪತ್ತಮೂರನೆಯ ರೊಟ್ಟಿಯನ್ನು ಎತ್ತಿ ಪಕ್ಕಕ್ಕೆ ಎಸೆದರು.

ದಿಲ್ಲಿಯ ಪೀತಮ್‌ಪುರದ ಮೂರನೆಯ ಮಹಡಿಯ ಅಡುಗೆಮನೆ. ಜೂನ್ ತಿಂಗಳು. ಫ್ಯಾನ್ ಹಾಕಿದರೆ ಗ್ಯಾಸಿನ ಉರಿ ಅಲ್ಲಾಡುತ್ತದೆಂದು ಫ್ಯಾನ್ ಬಂದ್. ಬೆವರು ಹಿಟ್ಟಿಗೆ ಬೀಳಬಾರದೆಂದು ನಿಮಿಷಕ್ಕೊಮ್ಮೆ ಭುಜಕ್ಕೆ ಹಣೆ ಒರೆಸಿಕೊಳ್ಳುತ್ತಿದ್ದೆ. ನಾನು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು, ರತ್ನಪ್ರಭಾ. ಐದು ವರ್ಷ ಮುಗಿದು ಕೊಟ್ಟಿದ್ದ ಹೆಚ್ಚುವರಿ ವರ್ಷವೂ ಮುಗಿಯುತ್ತಾ ಬಂದಿತ್ತು. ಆ ಶನಿವಾರ ನನ್ನ ಸಂಶೋಧನೆ ಎಂದರೆ ಹದಿನಾಲ್ಕು ಜನರಿಗೆ ಜೋಳದ ರೊಟ್ಟಿ.

ಯಾಕೆ ಬಡಿಯುತ್ತಿದ್ದೆ ಎಂದು ಕೇಳಬೇಡಿ. ಮೇಡಂ ಅವರ ಗಂಡ ಪ್ರೊಫೆಸರ್ ಇಂದುಶೇಖರ ನನ್ನ ಗೈಡು. ಅವರ ಸಹಿ ಬಿದ್ದರೆ ನಾನು ಡಾಕ್ಟರು, ಬೀಳದಿದ್ದರೆ ನನ್ನ ನೋಂದಣಿಯೇ ರದ್ದು. ಹಾಸ್ಟೆಲ್ಲಿನಲ್ಲಿದ್ದ ಬಿಹಾರದ ಹುಡುಗನೊಬ್ಬ ತನ್ನ ಗೈಡಿನ ಕಾರು ಓಡಿಸುತ್ತಿದ್ದ, ನಾನು ನನ್ನ ಗೈಡಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮನೆಯ ನೆಲ ಒರೆಸಿದ್ದೇನೆ. ಹಬ್ಬ ಬಂದರೆ ದೇವರಮನೆಯ ಹಿತ್ತಾಳೆ ಸಾಮಾನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೇನೆ. ಅದಕ್ಕೆಲ್ಲ ಅವರು ಇಟ್ಟ ಹೆಸರು, “ನೀನು ಮನೆಮಗಳಿದ್ದಂಗೆ.”

ನಾನು ಮನೆಮಗಳಾದದ್ದು ಒಂದು ತಪ್ಪಿನಿಂದ. ದಿಲ್ಲಿಗೆ ಬಂದ ಮೊದಲ ತಿಂಗಳು. ಹಿಂದಿ ಬಾರದೆ ಮೆಸ್ಸಿನಲ್ಲಿ ಕೈಸನ್ನೆ ಮಾಡಿ ಅನ್ನ ಹಾಕಿಸಿಕೊಳ್ಳುತ್ತಿದ್ದ ಕಾಲ. ಸರ್ ಮನೆಗೆ ಕರೆದರು. ಬಾಗಿಲು ತೆಗೆದ ಮೇಡಂ ಕನ್ನಡದಲ್ಲಿ ಮಾತಾಡಿದ್ದಕ್ಕೇ ನನ್ನ ಕಣ್ಣು ತುಂಬಿಬಂದಿತ್ತು. ಊರು ಕೇಳಿದರು, ಬ್ಯಾಡಗಿ ಹತ್ತಿರ ಎಂದೆ. “ಅಚ್ಛಾ, ನಿಮ್ಮದು ಯಾವ ಮಠ?” ಎಂದರು. ಐದನೆಯ ತರಗತಿಯಿಂದ ಪಿಯುಸಿವರೆಗೆ ನಾನು ಉಂಡು ಮಲಗಿ ಓದಿದ್ದು ಕಲ್ಲೂರ ಮಠದ ಪುಕ್ಕಟೆ ಹಾಸ್ಟೆಲ್ಲಿನಲ್ಲಿ. ಯಾವ ಮಠದಲ್ಲಿ ಓದಿದ್ದು ಎಂದು ಕೇಳುತ್ತಿದ್ದಾರೆ ಎಂದುಕೊಂಡು, “ಕಲ್ಲೂರ ಮಠರೀ,” ಎಂದುಬಿಟ್ಟೆ. ಅವರ ಮುಖ ಅರಳಿತು. “ಅಯ್ಯೋ, ಹಂಗಾದ್ರೆ ನಮ್ಮವಳೇ,” ಎಂದು ಕೈ ಹಿಡಿದು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದರು. ಕನ್ನಡದವಳು ಎನ್ನುವುದಕ್ಕೆ ನಮ್ಮವಳು ಎಂದರು ಎಂದು ನಾನು ಹಿಗ್ಗಿದೆ.

ಅವರು ಕೇಳಿದ್ದು ಓದಿದ ಮಠ ಅಲ್ಲ, ನಡೆದುಕೊಳ್ಳುವ ಮಠ ಎಂದು ಗೊತ್ತಾಗಲು ಒಂದು ವರ್ಷ ಬೇಕಾಯಿತು. ಗೊತ್ತಾದ ಮೇಲೂ ಬಾಯಿ ಹೊಲಿದುಕೊಂಡು ಇದ್ದೆ. ಅದನ್ನು ಮುಚ್ಚಿಡುವುದಿಲ್ಲ. ಕೇಳಿದರೆ ಹೇಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಮತ್ತೆ ಯಾಕೆ ಕೇಳುತ್ತಾರೆ? ಸೀಟು ಸಾಮಾನ್ಯ ವರ್ಗದಲ್ಲೇ ಸಿಕ್ಕಿತ್ತು, ವಿಭಾಗದ ಕಾಗದದಲ್ಲೂ ನನ್ನ ಜಾತಿ ಇರಲಿಲ್ಲ.

ಆ ಶನಿವಾರ ಕೇಳಿದರು. ಊಟಕ್ಕೆ ಬಂದಿದ್ದವರಲ್ಲಿ ಸಚಿವಾಲಯದ ಅಧಿಕಾರಿಯೊಬ್ಬರ ಹೆಂಡತಿ ತಟ್ಟೆ ಹಿಡಿದುಕೊಂಡು ಅಡುಗೆಮನೆಗೇ ಬಂದು ನಿಂತರು. ದಿಲ್ಲಿಯಲ್ಲಿ ಇಷ್ಟು ತೆಳ್ಳಗಿನ ರೊಟ್ಟಿ ಬಡಿಯುವ ಹುಡುಗಿ ಪಿಎಚ್.ಡಿ. ಬೇರೆ ಮಾಡುತ್ತಾಳೆಂದರೆ ಅವರಿಗೆ ನಂಬಿಕೆಯೇ ಬರಲಿಲ್ಲವಂತೆ. ಅವರ ತಮ್ಮ ಗ್ರೇಟರ್ ನೋಯ್ಡಾದಲ್ಲಿ ಇಂಜಿನಿಯರು, ಸ್ವಂತ ಫ್ಲ್ಯಾಟು, ವಯಸ್ಸು ಮೂವತ್ತನಾಲ್ಕು, ನಮ್ಮವರ ಹುಡುಗಿಯೇ ಬೇಕೆಂದು ಕುಳಿತಿದ್ದಾನಂತೆ. ದೇವಕಿ ಮೇಡಂ ನಕ್ಕು, ಇವಳೂ ನಮ್ಮವಳೇ, ಕಲ್ಲೂರ ಮಠದವಳು ಎಂದರು. ಆಗ ಆ ಹೆಂಗಸು ನನ್ನ ಕಡೆ ತಿರುಗಿ ಮನೆತನದ ಹೆಸರು ಕೇಳಿದರು.

ಹೆಣ್ಣು ಕೇಳುವವರ ಎದುರು ಮಾತು ನುಂಗಿಕೊಂಡು ಕೂರಲು ಆಗಲಿಲ್ಲ. ಕೈಯ ಹಿಟ್ಟು ಒರೆಸಿಕೊಂಡು, “ಮಠದಾಗ ಇದ್ದು ಓದೀನ್ರೀ, ಮಠದವರಲ್ಲ. ನಾವು ಮಾದಿಗರ್ರೀ,” ಎಂದೆ.

ಆಕೆಯ ಬಾಯಲ್ಲಿ ರೊಟ್ಟಿಯ ತುತ್ತು ಇತ್ತು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಹಾಗೇ ಬಾಯಿ ಉಬ್ಬಿಸಿಕೊಂಡು ಬಚ್ಚಲಿಗೆ ಓಡಿದರು. ಅವರು ಬಾಯಿ ಮುಕ್ಕಳಿಸುವ ಸದ್ದು ಹಾಲಿನವರೆಗೂ ಕೇಳಿತು. ವಿಷಯ ಬಾಯಿಂದ ಬಾಯಿಗೆ ಹೋಗಿ ಊಟಕ್ಕೆ ಕೂತವರು ಒಬ್ಬೊಬ್ಬರಾಗಿ ತಟ್ಟೆ ಸರಿಸಿದರು.

ದೇವಕಿ ಮೇಡಂ ಕೂಗಾಡಲಿಲ್ಲ. ಗ್ಯಾಸ್ ಆರಿಸಿದರು. ನನ್ನ ಮುಖ ನೋಡದೆ ಗೋಡೆಗೆ ಹೇಳಿದರು, “ಆರು ವರ್ಷ ನನ್ನ ದೇವರ ಸಾಮಾನು ಮುಟ್ಟಿದ್ಯಲ್ಲೇ ಸೂಳೆಮಗಳೇ.”

ಅವರ ಮಗಳು ಕೃತಿ ಅಲ್ಲಿಯೇ ನಿಂತಿದ್ದಳು. ಕಾಲೇಜಿಗೆ ಹೋಗುವ ಹುಡುಗಿ, ನನ್ನ ನೋಟ್ಸು ತೆಗೆದುಕೊಂಡು ಹೋಗಿ ಅಸೈನ್‌ಮೆಂಟ್ ಬರೆದವಳು. “ಮಮ್ಮಿ, ಪಾಗಲ್ ಹೋ ಕ್ಯಾ? ಹುಚ್ಚಾ ನಿಂಗೆ?” ಎಂದಳು. ಅಮ್ಮ ಒಮ್ಮೆ ಕಣ್ಣು ಬಿಟ್ಟದ್ದೇ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಷ್ಟಕ್ಕೇ ಮುಗಿಯಿತು ಅವಳ ನ್ಯಾಯ.

ರೊಟ್ಟಿಯ ಬುಟ್ಟಿಯನ್ನು ನನ್ನ ಕೈಯಲ್ಲೇ ಕೆಳಗೆ ಕಳಿಸಿದರು. ಗೇಟಿನ ಹೊರಗೆ ಹಸುಗಳು ನಿಲ್ಲುತ್ತವೆ, ಸುರಿದು ಹೋಗು, ಬುಟ್ಟಿಯನ್ನೂ ಎಸೆದುಬಿಡು ಎಂದರು. ಬಾಗಿಲ ಬಳಿ ನಿಂತಿದ್ದ ಸರ್, ಲಿಫ್ಟ್ ಮುಟ್ಟದೆ ಮೆಟ್ಟಿಲು ಇಳಿ ಎಂದರು. ಬೆಳಿಗ್ಗೆ ಆರರಿಂದ ಬಡಿದ ರೊಟ್ಟಿ. ಹಸು ಮಠ ಕೇಳಲಿಲ್ಲ, ತಿಂದಿತು. ನಾನು ಅಂಗೈಗೆ ಮೆತ್ತಿದ್ದ ಹಿಟ್ಟನ್ನು ಉಗುರಿನಿಂದ ಕೆರೆದುಕೊಳ್ಳುತ್ತಾ ಮೆಟ್ರೊ ಸ್ಟೇಷನ್‌ವರೆಗೆ ನಡೆದೆ. ಅಳು ಬರಲಿಲ್ಲ.

ಇಂದುಶೇಖರ ಸರ್ ಯಾರು ಎಂದು ಒಂದಿಷ್ಟು ಹೇಳಬೇಕು. ಸಮಾನತೆಯ ಮೇಲೆ ಮೂರು ಪುಸ್ತಕ ಬರೆದಿದ್ದಾರೆ. ನನ್ನ ಪ್ರಬಂಧ ಮೆಣಸಿನಕಾಯಿ ಮಂಡಿಯಲ್ಲಿ ಕೂಲಿ ಮಾಡುವ ಹೆಂಗಸರ ಮೇಲಿನದು. ಅದರ ಮೂರನೆಯ ಅಧ್ಯಾಯದಲ್ಲಿ ‘ಘನತೆ’ ಎನ್ನುವ ಪದ ಸಾಲದು, ಇನ್ನಷ್ಟು ಕಡೆ ಬರಲಿ ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕೊಟ್ಟವರು ಅವರೇ.

ಸೋಮವಾರ ವಿಭಾಗದ ಕಾರಿಡಾರಿನಲ್ಲಿ ಸಿಕ್ಕರು. ಪಕ್ಕದಲ್ಲಿ ವಿಭಾಗದ ಮುಖ್ಯಸ್ಥೆ ತ್ಯಾಗಿ ಮೇಡಂ ಚಹಾ ಕುಡಿಯುತ್ತಿದ್ದರು. ಸರ್ ನಕ್ಕರು, ತುಂಬಾ ಪ್ರೀತಿ ಇದ್ದವರ ಹಾಗೆ ತಲೆ ಅಲ್ಲಾಡಿಸಿದರು, ಕನ್ನಡದಲ್ಲಿ ಶುರು ಮಾಡಿದರು.

“ಎರಡು ದಿನದಿಂದ ಮನೆ ತೊಳೆಸ್ತಿದ್ದೀವಿ. ಕಳ್ಳಿ ನೀನು. ಜಾತಿ ಮುಚ್ಚಿಟ್ಟು ನಿಮ್ಮ ಮನೆ ಹೊಕ್ಕೆ, ತಪ್ಪಾಯ್ತು ಅಂತ ನನ್ನ ಹೆಂಡತಿ ಹೆಸರಿಗೆ ಬರೆದು ಸಹಿ ಹಾಕಿ ಕೊಡು. ಕನ್ನಡದಲ್ಲಿ ಬರಿ. ಅದು ಬಂದಮೇಲೆ ನನ್ನ ಸಹಿ.”

ತ್ಯಾಗಿ ಮೇಡಂ ಹಿಂದಿಯಲ್ಲಿ, ಮಾತೃಭಾಷೆ ಸಿಕ್ಕರೆ ಸರ್ ಮುಖ ಹೇಗೆ ಬೆಳಗುತ್ತದೆ ನೋಡು, ನೀನು ಪುಣ್ಯವಂತೆ ಎಂದರು. ನಾನು ಹೂಂ ಎಂದೆ.

ಆಮೇಲೆ ಅದೇ ಚಾಳಿಯಾಯಿತು. ಮೀಟಿಂಗಿನಲ್ಲಿ, ಲೈಬ್ರರಿಯಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ, ಎಲ್ಲರೆದುರು, ಹಲ್ಲು ಕಾಣುವಂತೆ ನಗುತ್ತಾ ಕನ್ನಡದಲ್ಲಿ ಬೈಯುವುದು. ಸುತ್ತ ನಿಂತವರೂ ನಗುತ್ತಿದ್ದರು. ನಾನು ಹಿಂದಿ ಕಲಿತದ್ದು ಹೊಟ್ಟೆಪಾಡಿಗೆ; ಕನ್ನಡ ಒಂದೇ ನನ್ನದು ಎಂದು ಇದ್ದದ್ದು. ಅದನ್ನೇ ನನ್ನ ಕುತ್ತಿಗೆಗೆ ಹಗ್ಗ ಮಾಡಿದ. ಇನ್ನು ಅವನನ್ನು ಬಹುವಚನದಲ್ಲಿ ಕರೆಯಲು ನನ್ನಿಂದ ಆಗುವುದಿಲ್ಲ.

ಅವ್ವನಿಗೆ ಫೋನ್ ಮಾಡಿದೆ. ಅವ್ವ ಬ್ಯಾಡಗಿ ಮಂಡಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವವಳು. ಅಪ್ಪ ಸತ್ತಾಗ ನನಗೆ ಆರು ವರ್ಷ. ಅವತ್ತಿನಿಂದ ಅವಳ ಬೆರಳು ಉರಿಯದ ದಿನ ಇಲ್ಲ. ನನ್ನ ಪ್ರಬಂಧದ ಮುನ್ನೂರು ಪುಟ ಅವಳದೇ ಬೆರಳಿನ ಕಥೆ, ಹೆಸರು ಮಾತ್ರ ಇಂಗ್ಲಿಷಿನದು. ಎಲ್ಲ ಕೇಳಿಸಿಕೊಂಡು ಅವ್ವ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ.

“ಬರದ ಕೊಡ ಯವ್ವಾ,” ಎಂದಳು. “ಒಂದ್ ಹಾಳ್ಯಾಗ ಏನೈತಿ? ನಾ ದಿನಾ ಸಾವ್ಕಾರಗ ತಪ್ಪಾತ್ರೀ ಅಂತೀನಿ. ಸತ್ತೀನೇನು?”

ಅವಳ ಮೇಲೇ ಸಿಟ್ಟು ಬಂತು. ಫೋನ್ ಇಟ್ಟುಬಿಟ್ಟೆ. ಆಮೇಲೆ ಕುಳಿತು ಬರೆದೆ. ನಾಲ್ಕು ಹಾಳೆ ಹರಿದು ಐದನೆಯದರಲ್ಲಿ ಬರೆದೆ. ಜಾತಿ ಮುಚ್ಚಿಟ್ಟಿದ್ದು ನನ್ನ ತಪ್ಪು, ನಿಮ್ಮ ಮನೆ ಮೈಲಿಗೆಯಾಗಿದ್ದಕ್ಕೆ ಕ್ಷಮೆ ಇರಲಿ, ಇಂತಿ ರತ್ನಪ್ರಭಾ. ಬರೆದ ಕೈಯನ್ನು ಮುರಿದು ಹಾಕಬೇಕು ಎನ್ನಿಸಿತು. ಮಡಚಿ ಬ್ಯಾಗಿಗೆ ಹಾಕಿದೆ. ಕೊಟ್ಟುಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಮರುವಾರದ ಶುಕ್ರವಾರ ಹನ್ನೊಂದು ಗಂಟೆಗೆ ನನ್ನ ಕೊನೆಯ ಸೆಮಿನಾರು. ಇದರಲ್ಲಿ ಗೈಡು ಒಪ್ಪಿದರೆ ಪ್ರಬಂಧ ಸಲ್ಲಿಸಬಹುದು, ಇಲ್ಲವಾದರೆ ತಿಂಗಳ ಕೊನೆಗೆ ನೋಂದಣಿ ರದ್ದು. ಸಭಾಂಗಣದಲ್ಲಿ ಮೂವತ್ತು ಜನ. ಮೇಜಿನ ಮೇಲೆ ಮೈಕು, ನೀರಿನ ಬಾಟಲಿ, ನನ್ನ ಫಾರಂ. ತ್ಯಾಗಿ ಮೇಡಂ ನಡುವೆ, ಅವರ ಎಡಕ್ಕೆ ಇಂದುಶೇಖರ.

ಚೆನ್ನಾಗಿಯೇ ಮಾತಾಡಿದೆ. ಹೆಂಗಸರು ತೊಟ್ಟು ಮುರಿದು ಮನೆಗೆ ಹೋಗಿ ಮಗುವಿನ ಮೈ ಮುಟ್ಟಲು ಯಾಕೆ ಹೆದರುತ್ತಾರೆ ಎಂದು ಹೇಳಿದಾಗ ಹಿಂದಿನ ಸಾಲಿನವರೂ ಮೊಬೈಲು ಕೆಳಗಿಟ್ಟರು. ಹೊರಗಿನಿಂದ ಬಂದಿದ್ದ ಇಬ್ಬರು ಪ್ರಾಧ್ಯಾಪಕರು ಒಪ್ಪಿದೆವು ಎಂದು ಬರೆದು ಸಹಿ ಹಾಕಿದರು. ಉಳಿದದ್ದು ಒಂದೇ ಜಾಗ, ಮಾರ್ಗದರ್ಶಕರ ಅಭಿಪ್ರಾಯ ಮತ್ತು ಸಹಿ. ಫಾರಂ ಅವನ ಮುಂದೆ ಹೋಯಿತು. ಅವನು ಪೆನ್ನಿನ ಮುಚ್ಚಳ ತೆಗೆದು, ನನ್ನ ಕಡೆ ಬಾಗಿ, ಅದೇ ನಗು ನಕ್ಕು ಪತ್ರ ತಂದಿದ್ದೀಯಾ ಎಂದು ಕನ್ನಡದಲ್ಲಿ ಕೇಳಿದ. ತಲೆ ಆಡಿಸಿದೆ. ಕೈ ಬ್ಯಾಗಿಗೆ ಹೋಗಿತ್ತು.

“ಅದರಲ್ಲಿ ನಿಮ್ಮಮ್ಮನ ಹೆಬ್ಬೆಟ್ಟೂ ಒತ್ತಿಸಿ ತರಬೇಕಿತ್ತು. ಎಂಥದನ್ನ ಹೆತ್ತಿದ್ದೀನಿ ಅಂತ ಆ ಮುಂಡೆಗೂ ಗೊತ್ತಾಗ್ಲಿ. ಆಗಲ್ಲ ಅಂದ್ರೆ ಹೋಗು, ಅವಳ ಪಕ್ಕ ಕೂತ್ಕೊಂಡು ತೊಟ್ಟು ಮುರಿ.”

ತ್ಯಾಗಿ ಮೇಡಂ ನಗುತ್ತಾ, ಏನಂದರು ಸರ್, ನಮಗೂ ಹೇಳಿ ಎಂದು ಹಿಂದಿಯಲ್ಲಿ ಕೇಳಿದರು. ಅವನು ಅವರ ಕಡೆ ತಿರುಗಿ, ಆಶೀರ್ವಾದ ಮಾಡಿದೆ ಎಂದ.

ನನ್ನ ಅವ್ವ ಮುಂಡೆ ಹೌದು. ಗಂಡ ಸತ್ತವಳು. ಆ ಮುಂಡೆ ತೊಟ್ಟು ಮುರಿದು ನನ್ನನ್ನು ಈ ಮೇಜಿನವರೆಗೆ ತಂದಿದ್ದಾಳೆ. ಏನೇ ಆದರೂ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡು ಹೋಗೋಣ ಎಂದು ಬಂದವಳ ಕೈ ಬ್ಯಾಗಿನಿಂದ ಹೊರಗೆ ಬಂತು, ಮೈಕು ಎಳೆದುಕೊಂಡಿತು.

ಹಿಂದಿಯಲ್ಲಿ ಹೇಳಿದೆ. ಒಂದೊಂದೇ ಮಾತು, ಅವನು ಆಡಿದ ಕ್ರಮದಲ್ಲಿಯೇ. ಹೆಬ್ಬೆಟ್ಟು ಹೇಳಿದೆ, ಹೆತ್ತದ್ದು ಹೇಳಿದೆ. ಮುಂಡೆ ಎನ್ನುವುದಕ್ಕೆ ಹಿಂದಿಯಲ್ಲಿ ಇರುವ ಪದವನ್ನು ಮೈಕಿಗೆ ಬಾಯಿ ಹತ್ತಿರ ಇಟ್ಟು ಹೇಳಿದೆ. ಪತ್ರ ಯಾವುದು, ಯಾಕೆ ಎಂದೂ ಹೇಳಿದೆ. ರೊಟ್ಟಿ, ದೇವರಮನೆ, ಗೇಟಿನ ಹೊರಗಿನ ಹಸು, ಎಲ್ಲ ಹೇಳಿದೆ. ತ್ಯಾಗಿ ಮೇಡಂ ಮುಖದಲ್ಲಿ ನಗು ಇನ್ನೂ ಉಳಿದಿತ್ತು, ತೆಗೆಯುವುದು ಮರೆತಿದ್ದರು.

ಅವನು ಹೆದರಲಿಲ್ಲ ಮೊದಲಿಗೆ. ಇಂಗ್ಲಿಷಿನಲ್ಲಿ ಸಭೆಗೆ ವಿವರಿಸಿದ. ನಮ್ಮ ಕಡೆ ಮನೆಮಂದಿ ಹೀಗೆಯೇ ಸಲಿಗೆಯಿಂದ ಮಾತಾಡುತ್ತಾರೆ, ಅದು ಪ್ರೀತಿಯ ಬೈಗುಳ, ಅನುವಾದ ಮಾಡಿದರೆ ಕೆಡುತ್ತದೆ, ಒತ್ತಡದಲ್ಲಿ ಹುಡುಗಿಗೆ ತಲೆ ಕೆಟ್ಟಿದೆ ಎಂದ. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಹೌದೆಂಬಂತೆ ತಲೆ ಆಡಿಸಿದರು. ಭಾಷೆ ಗೊತ್ತಿಲ್ಲದವರು ಯಾರನ್ನು ನಂಬುತ್ತಾರೆ? ಪ್ರೊಫೆಸರನ್ನೇ.

ನಾನು ಅವನ ಮುಂದಿದ್ದ ಫಾರಂ ಎಳೆದುಕೊಂಡೆ. ಅವನ ಪೆನ್ನನ್ನೂ. ಮಾರ್ಗದರ್ಶಕರ ಅಭಿಪ್ರಾಯ ಎನ್ನುವ ಜಾಗದಲ್ಲಿ ಅವನು ಆಡಿದ್ದನ್ನು ಅವನ ಮಾತಿನಲ್ಲೇ, ಕನ್ನಡದಲ್ಲಿ, ಒಂದಕ್ಷರ ಬಿಡದೆ ಬರೆದೆ. ಅದರ ಕೆಳಗೆ ಹಿಂದಿಯಲ್ಲಿ. ಅದರ ಕೆಳಗೆ ಇಂಗ್ಲಿಷಿನಲ್ಲಿ. ಜಾಗ ಸಾಲದೆ ಅಂಚಿನವರೆಗೂ ಹೋಯಿತು. ಮೂವತ್ತು ಜನ ನಾನು ಬರೆಯುವುದನ್ನೇ ನೋಡುತ್ತಿದ್ದರು, ಯಾರೂ ತಡೆಯಲಿಲ್ಲ, ಯಾರೂ ಎದ್ದು ಬಂದು ನನ್ನ ಪಕ್ಕ ನಿಲ್ಲಲೂ ಇಲ್ಲ. ಬ್ಯಾಗಿನಿಂದ ಪತ್ರ ತೆಗೆದು ಪಿನ್ ಮಾಡಿ, ಮೇಲೆ ‘ಲಗತ್ತು ಒಂದು’ ಎಂದು ಬರೆದೆ. ಸಹಿಯ ಜಾಗಕ್ಕೆ ಬೆರಳಿಟ್ಟು ಅವನ ಮುಂದೆ ಸರಿಸಿದೆ.

“ಅನುವಾದದಾಗ ಕೆಡತೈತಿ ಅಂದ್ರಲ್ಲ ಸರ್, ನಿಮ್ಮ ಮಾತು ನಿಮ್ಮ ಭಾಷಾದಾಗನ ಐತಿ. ಓದಿ ಸಹಿ ಹಾಕ್ರೀ.”

ತ್ಯಾಗಿ ಮೇಡಂ ಕನ್ನಡಕ ಹಾಕಿಕೊಂಡು ಹಿಂದಿಯ ಸಾಲುಗಳ ಮೇಲೆ ಬಾಗಿದರು. ಅವನ ಮುಖದ ನಗು ಆಗ ಹೋಯಿತು. ಮೈಕಿಗೆ ಅಂಗೈ ಅಡ್ಡ ಹಿಡಿದು, ಇಷ್ಟು ವರ್ಷದಲ್ಲಿ ನಾನು ಅವನ ಬಾಯಲ್ಲಿ ಕೇಳದ ದನಿಯಲ್ಲಿ, ಬರೀ ನನಗೆ ಕೇಳುವಷ್ಟು ಮೆಲ್ಲಗೆ, “ಬೇಡಮ್ಮ, ಕೈ ಮುಗೀತೀನಿ. ಮನೇಲಿ ಬೆಳೆದ ಮಗಳಿದ್ದಾಳೆ. ಇದನ್ನ ಹರಿದುಹಾಕು, ಸಹಿ ಬೇರೆ ಫಾರಮ್ಮಿಗೆ ಹಾಕಿಕೊಡ್ತೀನಿ,” ಎಂದ.

ನಾನು ಅವನ ಅಂಗೈ ಸರಿಸಿ, ಮೈಕು ಹತ್ತಿರ ಎಳೆದುಕೊಂಡು, ಅದನ್ನೂ ಹಿಂದಿಯಲ್ಲಿ ಹೇಳಿದೆ.