ಯಜಮಾನನ ಮೊದಲ ಗುಟುಕು

ಕುರಿ ಸಾಕಿದ ಮನೆಯಲ್ಲಿ ಉಣ್ಣೆ ಕತ್ತರಿಸುವ ದಿನವೆಂದರೆ ಅರ್ಧ ಮದುವೆ ಇದ್ದ ಹಾಗೆ. ಹಿಂದಿನ ದಿನ ಕುರಿಗಳನ್ನು ಅಂಬ್ಲಿಗೊಳದ ಕಾಲುವೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯಬೇಕು. ಮರುದಿನ ಬೆಳಿಗ್ಗೆ ನೆಂಟರು ತಮ್ಮ ತಮ್ಮ ಕತ್ತರಿ ಮಸೆದುಕೊಂಡು ಬರುತ್ತಾರೆ. ಇವತ್ತು ನಮ್ಮ ಮನೆ, ನಾಳೆ ನಿಮ್ಮ ಮನೆ. ಕೂಲಿಯ ಮಾತೇ ಇಲ್ಲ. ಮಧ್ಯಾಹ್ನ ಬಾಡೂಟ ಹಾಕಬೇಕು, ಊಟಕ್ಕೆ ಮುಂಚೆ ಕುಡಿಸಬೇಕು. ಕುಡಿಸದ ಮನೆಗೆ ಮುಂದಿನ ಸಲ ಕತ್ತರಿ ಬರುವುದಿಲ್ಲ ಎಂಬ ಮಾತು ತೊಗರ್ಸಿ ಕಡೆಯ ಈ ಕೇರಿಯಲ್ಲಿ ಅಜ್ಜಂದಿರ ಕಾಲದಿಂದಲೂ ಇತ್ತು.

ಕುಡಿಸುವುದಕ್ಕೂ ಒಂದು ಕ್ರಮ. ಬಂದವರಲ್ಲಿ ಹಿರಿಯನಾದವನು ಮೊದಲ ಲೋಟ ತುಂಬಿ ಮನೆಯ ಯಜಮಾನನಿಗೆ ಕೊಡುತ್ತಾನೆ. ಯಜಮಾನ ಎರಡೂ ಕೈಯಲ್ಲಿ ತೆಗೆದುಕೊಂಡು ಮೊದಲ ಗುಟುಕು ಕುಡಿಯಬೇಕು. ಅವನು ಏನು ಕುಡಿದನೋ ಅದನ್ನೇ ಉಳಿದವರೂ ಕುಡಿಯುತ್ತಾರೆ. ಅವನು ಕುಡಿಯುವ ತನಕ ಯಾರೂ ಲೋಟ ಮುಟ್ಟುವಂತಿಲ್ಲ.

ಮಾಳಮ್ಮ ಈ ಕೇರಿಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ. ಕತ್ತರಿಸುವ ದಿನದ ಉಪಚಾರದಲ್ಲಿ ಅವಳ ಕೈ ಮೀರಿಸಿದವರಿಲ್ಲ. ಬಾಟಲಿ ತರಿಸುವವಳು ಅವಳೇ, ನಂಚಿಕೊಳ್ಳಲು ಬೋಟಿ ಹುರಿಯುವವಳೂ ಅವಳೇ. "ಗಂಡಸ್ರು ಅಂದ್ಮೇಲೆ ಒಂದಿಷ್ಟು ಇದ್ದದ್ದೇ" ಎಂಬುದು ಅವಳ ಮಾತಾಗಿತ್ತು.

ಅವಳ ಗಂಡ ಬಂಗಾರಪ್ಪ ಕೆಟ್ಟವನಲ್ಲ. ಕುಡಿದು ಕೈ ಎತ್ತಿದವನಲ್ಲ, ಬಾಯಿ ಮಾಡಿದವನೂ ಅಲ್ಲ. ಆದರೆ 'ಬೇಡ' ಎಂಬ ಎರಡಕ್ಷರ ಅವನ ನಾಲಿಗೆಗೆ ಬರುತ್ತಿರಲಿಲ್ಲ. ಸಂತೆಯಲ್ಲಿ ಕುರಿ ಮಾರಿದರೆ ಖುಷಿಗೆ ಕುಡಿದ, ಕೊಂಡರೆ ಶುಭಕ್ಕೆ ಕುಡಿದ, ವ್ಯಾಪಾರ ಕುದುರದಿದ್ದರೆ ಬೇಜಾರಿಗೆ ಕುಡಿದ. ಯಾರೋ ಕರೆದರು, ಯಾರೋ ಕೊಟ್ಟರು, ಹೇಗೆ ಬೇಡ ಅನ್ನುವುದು? ದಾಕ್ಷಿಣ್ಯಕ್ಕೆ ಬಸಿರಾದವಳಿಗೆ ಹೆರಲು ಜಾಗವಿಲ್ಲ ಅಂತಾರಲ್ಲ, ಅವನ ಕಥೆ ಹಾಗಾಯಿತು. ಬರಬರುತ್ತಾ ಕುಡಿಯದ ದಿನವೇ ಇಲ್ಲದಂತಾಯಿತು.

ಒಂದು ಬೆಳಿಗ್ಗೆ ಅವನ ಕಣ್ಣುಗಳು ಹಳದಿಯಾಗಿದ್ದವು. ಕಾಮಾಲೆ ಅಂದುಕೊಂಡು ಮಾಳಮ್ಮ ನಾಟಿ ಔಷಧಿಗೆ ಹೊರಟಿದ್ದಳು. ಆಶಾ ಕಾರ್ಯಕರ್ತೆ ಶ್ರೀಲತಾ ತಡೆದು, ಇಬ್ಬರನ್ನೂ ಬಸ್ಸು ಹತ್ತಿಸಿ ಶಿಕಾರಿಪುರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಪರೀಕ್ಷೆ ಮಾಡಿ ನೇರವಾಗಿ ಹೇಳಿದರು: "ಕುಡಿದು ಕುಡಿದು ಲಿವರ್ ಕೆಟ್ಟಿದೆ. ಇವತ್ತಿಗೆ ನಿಲ್ಲಿಸಿದರೆ ಬದುಕಿಸಿಕೊಳ್ಳಬಹುದು. ಇನ್ನು ಕುಡಿದರೆ ನನ್ನ ಕೈಯಲ್ಲಿ ಏನೂ ಇಲ್ಲ."

ಎಂಟು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಮೈ ನಡುಕ, ಬೆವರು ಎಲ್ಲಕ್ಕೂ ಔಷಧಿ ಕೊಟ್ಟು ಬಿಡಿಸಿದರು. ಅದಾಗಿ ಎಪ್ಪತ್ತು ದಿನವಾಗಿತ್ತು. ಈಗ ಬಂಗಾರಪ್ಪ ಎರಡನೇ ಮುದ್ದೆಗೆ ಜಗಳ ಮಾಡುತ್ತಾನೆ, ಮರಿಗಳಿಗೆಲ್ಲ ಹೆಸರಿಟ್ಟು ಕರೆಯುತ್ತಾನೆ, ಹೆಂಡತಿಯನ್ನು ರೇಗಿಸುತ್ತಾನೆ. ಇಷ್ಟು ವರ್ಷ ಈ ಮನುಷ್ಯ ಎಲ್ಲಿ ಅಡಗಿದ್ದ ಎಂದು ಮಾಳಮ್ಮನಿಗೆ ಒಲೆಯ ಮುಂದೆ ಕೂತು ಒಬ್ಬಳೇ ನಗು ಬರುತ್ತಿತ್ತು.

ಅಷ್ಟರಲ್ಲಿ ಉಣ್ಣೆ ಕತ್ತರಿಸುವ ದಿನ ಹತ್ತಿರ ಬಂತು. ಶ್ರೀಲತಾ ಬಂಗಾರಪ್ಪನನ್ನು ವಿಚಾರಿಸಲು ಬಂದಾಗ ಮಾಳಮ್ಮ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. ಮಗಳು ನಾಗಶ್ರೀ ಪಕ್ಕದಲ್ಲಿ ಮೊಬೈಲು ಹಿಡಿದಿದ್ದಳು. ಅವಳು ಶಿಕಾರಿಪುರದ ಕಾಲೇಜಿನಲ್ಲಿ ಓದುತ್ತಿದ್ದಳು.

"ಏನಕ್ಕಾ, ಕತ್ತರಿಸೋ ದಿನ ಜೋರಾ?" ಎಂದಳು ಶ್ರೀಲತಾ.

"ಹೂಂ ಕಣೇ. ನಮ್ಮಣ್ಣ ರಂಗಪ್ಪ ಬರ್ತಾನೆ, ಜೊತೆಗೆ ಐದು ಜನ. ಬಾಟ್ಲಿ ತರಿಸ್ಬೇಕು."

"ಬಾಟ್ಲಿನಾ? ಬಂಗಾರಪ್ಪಣ್ಣಾರು ಬಿಟ್ಟು ಎಪ್ಪತ್ತು ದಿನ ಆಗೈತಿ!"

"ಇವ್ರಿಗಲ್ಲ ಮಾರಾಯ್ತಿ, ಬಂದೋರಿಗೆ. ಇವ್ರು ಸುಮ್ನೆ ತುಟಿಗೆ ಮುಟ್ಟಿಸಿ ಕೆಳಗಿಟ್ರಾತು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಶ್ರೀಲತಾ ಚಪ್ಪಲಿ ಬಿಟ್ಟು ಒಳಗೆ ಬಂದು ಅವಳ ಎದುರಿಗೇ ಕೂತಳು.

"ಅಕ್ಕಾ, ಈ ಕಾಯಿಲೆಗೆ ತುಟಿಗೆ ಮುಟ್ಟಿಸೋದು ಅನ್ನೋದು ಇಲ್ಲ. ಒಂದು ಗುಟುಕು ಒಳಗೆ ಹೋದ್ರೆ ಎರಡನೇದು ತಾನೇ ಕೇಳ್ತತಿ. ಬೀರಾದ್ರೂ ಅಷ್ಟೇ, ಬ್ರಾಂದಿಯಾದ್ರೂ ಅಷ್ಟೇ. ಅಂಗಡಿ ಮುಂದೆ ತಲೆ ತಗ್ಗಿಸ್ಕೊಂಡು ಹೋಗ್ಬಿಡಬಹುದು. ನಮ್ಮೋರೇ ಪ್ರೀತಿಯಿಂದ ಲೋಟ ಚಾಚಿದ್ರೆ? ಅಲ್ಲೇ ಸೋಲೋದು."

"ಕುಡಿಸ್ದಿದ್ರೆ ಮರ್ಯಾದೆ ಏನಾಗ್ಬೇಕು? ದೊಡ್ಡೋರು ಕೊಟ್ಟಿದ್ದು ಬೇಡ ಅನ್ನಾಕಾಗ್ತತಾ? ಕೇಳು ಈ ನಾಗೀನ. ಇವಳು ನೋಡೋ ಕೊರಿಯಾ ಸೀರಿಯಲ್‌ನಾಗೂ ಹಂಗೇ ಐತೆ. ಸಾಹೇಬ ಸುರೀತಾನೆ, ಕೈ ಕೆಳಗಿನೋರು ಎರಡೂ ಕೈಲಿ ಇಸ್ಕೊಂಡು, ಆ ಕಡೆ ಮುಖ ತಿರುಗಿಸಿ ಕುಡೀತಾರೆ. ಥೇಟ್ ನಮ್ಮಣ್ಣನ ಮುಂದೆ ಇವ್ರು ಕೂತಂಗೆ! ಅಷ್ಟು ಓದಿದೋರು, ಅಷ್ಟು ಮುಂದುವರಿದೋರೇ ಹಂಗೆ ಮಾಡ್ತಾರೆ."

ನಾಗಶ್ರೀಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ನೀನು ಅಷ್ಟಕ್ಕೇ ಎದ್ದು ಅಡುಗೆಮನೆಗೆ ಹೋದೆ. ಮುಂದಿಂದು ನೋಡಿಲ್ಲ. ಬಾ ಇಲ್ಲಿ."

ತೋರಿಸಿದಳು. ಹಸಿರು ಬಾಟಲಿಗಳ ಸಾಲು. ಸಾಹೇಬ ಮತ್ತೆ ಮತ್ತೆ ಸುರಿಯುತ್ತಾನೆ. ಕೈ ಕೆಳಗಿನ ಹುಡುಗನಿಗೆ ಬೇಡ, ಆದರೂ ನಗುತ್ತಲೇ ಕುಡಿಯುತ್ತಾನೆ. ಕೊನೆಗೆ ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡು ಬೀಳುತ್ತಾನೆ, ಗೆಳತಿಯೊಬ್ಬಳು ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತಾಳೆ. ಸೀರಿಯಲ್ಲಿನಲ್ಲಿ ಅದು ತಮಾಷೆ. ಮಾಳಮ್ಮನಿಗೆ ನಗು ಬರಲಿಲ್ಲ. ಸಂತೆಯಿಂದ ಗಂಡನನ್ನು ತೋಳು ಹಿಡಿದು ಎಷ್ಟು ಸಲ ನಡೆಸಿಕೊಂಡು ಬಂದಿದ್ದಳು!

"ಅಲ್ಲೂ ಈಗ ಬದಲಾಗ್ತಾ ಐತಂತಮ್ಮ" ಎಂದಳು ನಾಗಶ್ರೀ. "ನಮಗೆ ಬೇಡ ಅಂತ ಹೇಳೋ ಹುಡುಗ್ರು ಜಾಸ್ತಿ ಆಗ್ಯಾರಂತೆ. ಕುಡಿಸೋದೇ ಮರ್ಯಾದೆ ಅನ್ನೋದನ್ನ ಬಿಡ್ತಾ ಇದಾರೆ. ನಾವ್ಯಾಕೆ ಹಿಡ್ಕೊಂಡು ಕೂರೋದು?"

"ಅಕ್ಕಾ, ಒಂದೇ ಮಾತು" ಎಂದು ಶ್ರೀಲತಾ ಮಾಳಮ್ಮನ ಕೈ ಹಿಡಿದಳು. "ಅಣ್ಣಾರಿಗೆ ಬೇಡ ಅನ್ನೋದು ಬರಲ್ಲ. ಅವ್ರ ಪರವಾಗಿ ಯಾರಾದ್ರೂ ಅನ್ಬೇಕಲ್ಲ?"

ಮಾಳಮ್ಮ ಮತ್ತೆ ಬೆಳ್ಳುಳ್ಳಿ ಸುಲಿಯತೊಡಗಿದಳು. ಆದರೆ ಈ ಸಲ ಬಾಟಲಿ ತರಿಸಲಿಲ್ಲ.

ಆ ದಿನ ಬೆಳಿಗ್ಗೆಯೇ ಅವಳ ಅಣ್ಣ ರಂಗಪ್ಪ ಐದು ಜನರೊಂದಿಗೆ ಬಂದ. ಮಧ್ಯಾಹ್ನದ ಹೊತ್ತಿಗೆ ಅರ್ಧ ಹಿಂಡು ಮುಗಿದಿತ್ತು. ಕಂಬಳಿ ಹಾಸಿದರು. ಎಲ್ಲರೂ ಸುತ್ತ ಕೂತರು. ಬಾಟಲಿ ಕಾಣದ್ದಕ್ಕೆ ಒಬ್ಬರ ಮುಖ ಒಬ್ಬರು ನೋಡಿದರು. ರಂಗಪ್ಪ ಜೋರಾಗಿ ನಕ್ಕು ತನ್ನ ಚೀಲಕ್ಕೆ ಕೈ ಹಾಕಿದ.

"ತಂಗಿ ಮರೆತ್ರೆ ಅಣ್ಣ ಮರೀತಾನಾ?" ಎಂದು ಬಾಟಲಿ ತೆಗೆದು ಲೋಟಕ್ಕೆ ಸುರಿದ. "ಹಿಡಿ ಬಂಗಾರಪ್ಪ. ಮೊದಲ ಗುಟುಕು ನಿಂದು."

ಬಂಗಾರಪ್ಪನ ಮುಖ ಬಾಡಿತು. ಆದರೂ ಅವನ ಎರಡೂ ಕೈ ಮುಂದೆ ಹೋದವು. ಲೋಟ ಕೈಗೆ ಬಂತು. ಅವನು ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಮಾಳಮ್ಮ ನಿಂತಿದ್ದಳು. ಡಾಕ್ಟರ ಮಾತು ಅವಳ ಕಿವಿಯಲ್ಲಿ ಗುಂಯ್‌ಗುಟ್ಟಿತು. ಗಂಡಸರು ಕೂತ ಕಂಬಳಿಯ ಹತ್ತಿರ ಅವಳು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹೋದವಳಲ್ಲ. ಅವತ್ತು ಮಜ್ಜಿಗೆಯ ತಂಬಿಗೆ ಹಿಡಿದು ದಡದಡನೆ ನಡೆದು ಹೋಗಿ ಗಂಡನ ಮುಂದೆ ಕೂತೇಬಿಟ್ಟಳು.

"ಅಣ್ಣಾ, ಇಷ್ಟು ವರ್ಷ ಈ ಲೋಟಕ್ಕೆ ಬಾಟ್ಲಿ ತರಿಸ್ದೋಳು ನಾನೇ. ಉಪಚಾರ ಅಂದ್ಕಂಡಿದ್ದೆ. ಇವ್ರ ಲಿವರ್ ಕೆಟ್ಟೈತೆ. ಇದನ್ನ ಕುಡಿದ್ರೆ ಮುಂದಿನ ಸಲ ಕತ್ತರಿಸೋಕೆ ಬರೋ ನಿನಗೆ ಮನೆ ಯಜಮಾನ ಇರಲ್ಲ. ನಿನ್ನ ತಂಗಿ ಕುಂಕುಮ ನಿನ್ನ ಲೋಟದಾಗೈತೆ ಕಣಣ್ಣಾ."

ರಂಗಪ್ಪನ ಮೀಸೆ ಅದುರಿತು. "ಹಿರೇರು ಮಾಡಿದ ಪದ್ಧತಿನ ಹೆಂಗಸ್ರು ಬಂದು ಮುರಿಯೋದಾ?" ಎಂದು ಎದ್ದು ನಿಂತ.

ಆಗ ಬಂಗಾರಪ್ಪ ಲೋಟವನ್ನು ಕೆಳಗಿಟ್ಟ.

"ಭಾವಾ, ನಂಗೆ ಬೇಡ."

ಅಷ್ಟೇ. ಮಾಳಮ್ಮನ ಕಣ್ಣು ತುಂಬಿ ಬಂತು. ಅವಳು ಮಜ್ಜಿಗೆ ಸುರಿದು ಕೊಟ್ಟಳು. ಬಂಗಾರಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡು ಮೊದಲ ಗುಟುಕು ಕುಡಿದ. "ಪದ್ಧತಿ ಎಲ್ಲಿ ಮುರೀತು ಭಾವಾ? ಯಜಮಾನ ಕುಡಿದಿದ್ದನ್ನೇ ಎಲ್ರೂ ಕುಡೀಬೇಕು. ಕೂತ್ಕಳ್ರಿ."

ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬ ಲೋಟ ಚಾಚಿದ. ಕೊನೆಗೆ ರಂಗಪ್ಪನೂ ಕೂತ. ಒಂದು ಗುಟುಕು ಕುಡಿದು, "ಉಪ್ಪು ಕಮ್ಮಿ" ಎಂದು ಗೊಣಗಿದ. ಮಾಳಮ್ಮ ಮುಖ ಮುಚ್ಚಿಕೊಂಡು ನಗುತ್ತಾ ಉಪ್ಪು ತರಲು ಓಡಿದಳು.

ಪ್ರತಿ ವರ್ಷ ಊಟದ ಮೇಲೆ ಕತ್ತರಿಸಿದ ಕುರಿಗಳಿಗೆ ಗಾಯ ಆಗೇ ಆಗುತ್ತಿತ್ತು. ಹೋದ ವರ್ಷ ಒಂದು ಕುರಿಯ ಮೊಲೆಯೇ ಕೊಯ್ದು ಹೋಗಿ, ಮರಿಗೆ ಹಾಲಿಲ್ಲದಂತಾಗಿತ್ತು. ಕುಡಿದ ಕೈಯ ಕೆಲಸವದು. ಕುರಿ ಒದ್ದಾಡಿತು ಎಂದು ಬೈಸಿಕೊಂಡದ್ದು ಮಾತ್ರ ಕುರಿ. ಈ ಸಲ ಗಾಯಕ್ಕೆಂದು ಕಲಸಿಟ್ಟ ಅರಿಶಿನ ಎಣ್ಣೆ ಬಟ್ಟಲಲ್ಲೇ ಉಳಿಯಿತು.

ಆದರೆ ಮಧ್ಯಾಹ್ನದ ಮೇಲೆ ರಂಗಪ್ಪ ಕತ್ತರಿ ಹಿಡಿಯಲಿಲ್ಲ. ಕುರಿಗಳ ಕಾಲು ಹಿಡಿದುಕೊಂಡು ಕೂತಿದ್ದ. ಸಿಟ್ಟು ಇಳಿದಿಲ್ಲವೇನೋ ಎಂದುಕೊಂಡ ಮಾಳಮ್ಮ, ಉಳಿದವರು ಹೊರಟ ಮೇಲೆ ಅವನ ಹತ್ತಿರ ಹೋಗಿ ಕೂತಳು. ಅವನು ತನ್ನ ಕೈಗಳನ್ನು ಅವಳ ಮುಂದೆ ಚಾಚಿದ. ಎರಡೂ ನಡುಗುತ್ತಿದ್ದವು.

"ಸಿಟ್ಟಲ್ಲ ಕಣೇ ಮಾಳೀ. ಹೊತ್ತಿಗೆ ಸರಿಯಾಗಿ ಒಂದು ಗುಟುಕು ಬೀಳ್ದಿದ್ರೆ ಹಿಂಗಾಗ್ತವೆ. ಎರಡು ವರ್ಷ ಆತು. ಆ ಬಾಟ್ಲಿ ನಿನ್ನ ಗಂಡಂಗೆ ಅಂತ ತಂದಿದ್ದಲ್ಲ, ನಂಗೇ." ಆಮೇಲೆ ಚಿಕ್ಕವನ ಹಾಗೆ ಕೇಳಿದ: "ಆ ಡಾಕ್ಟ್ರು ಬೈತಾರೇನು?"

"ಬೈಯಲ್ಲ ಅಣ್ಣಾ. ಇದು ಕಾಯಿಲೆ, ತಪ್ಪಲ್ಲ ಅಂತಾರೆ" ಎಂದು ಮಾಳಮ್ಮ ಆ ಕೈಗಳನ್ನು ಹಿಡಿದುಕೊಂಡಳು. ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಬಂಗಾರಪ್ಪ ಆಗಲೇ ಶ್ರೀಲತಾಗೆ ಫೋನು ಹಚ್ಚಿದ್ದ. ಅವಳು ಹೇಳಿದ್ದಿಷ್ಟು: "ತಾವೇ ಒಮ್ಮೆಗೇ ಬಿಡೋಕೆ ಹೋಗಬ್ಯಾಡ್ರಿ, ಫಿಟ್ಸು ಬರಬಹುದು. ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ನಡೀರಿ. ನಾನೂ ಬರ್ತೀನಿ." ಸಂಜೆಯ ಬಸ್ಸಿಗೆ ಭಾವನನ್ನು ಹತ್ತಿಸಿಕೊಂಡು ಬಂಗಾರಪ್ಪನೇ ಶಿಕಾರಿಪುರಕ್ಕೆ ಹೊರಟ.

ಇದನ್ನು ಓದುತ್ತಿರುವ, ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಬಂಗಾರಪ್ಪ ಇರಬಹುದು, ಒಬ್ಬ ರಂಗಪ್ಪ ಇರಬಹುದು. ಬೈದರೆ ಅವರು ಬಿಡುವುದಿಲ್ಲ, ಮುಚ್ಚಿಟ್ಟರೆ ವಾಸಿಯಾಗುವುದಿಲ್ಲ. ದಿನಾ ಕುಡಿಯುವವರು ಬಿಡಬೇಕೆಂದಾಗ ಡಾಕ್ಟರ ಸಹಾಯ ಪಡೆಯಲಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೊದಲು ಮಾತಾಡಿ ನೋಡಬೇಕೆನ್ನಿಸಿದರೆ ಸರ್ಕಾರದ ಸಹಾಯವಾಣಿ 14416ಕ್ಕೆ ಫೋನು ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನು, ನಿಮ್ಮ ಮನೆಗೆ ಬಂದವರು ಲೋಟ ನೋಡಿ 'ಬೇಡ' ಅಂದರೆ ದಯವಿಟ್ಟು ಎರಡನೇ ಸಲ ಒತ್ತಾಯ ಮಾಡಬೇಡಿ. ಆ ಎರಡಕ್ಷರ ಹೇಳಲು ಅವರಿಗೆ ಎಷ್ಟು ವರ್ಷ ಹಿಡಿಯಿತೋ ನಿಮಗೆ ಗೊತ್ತಿಲ್ಲ.